ತೊರಕೆಯ ಮುಳ್ಳು

ಅಮೀನಗಡದಂಥ ಬಯಲುಸೀಮೆಯ ಊರಿನಲ್ಲಿ ಕುಳಿತವನೊಬ್ಬನು ಕಡಲ ಮೀನೊಂದರ ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಅದು ತುಸು ವಿಚಿತ್ರವೆನಿಸುವುದು ಸಹಜ. ನಮ್ಮೂರಿನ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವುದು ಕರದಂಟು, ಇಲ್ಲವೆ ಕುರಿಸಂತೆ. ನಾವು ಕಂಡ ನೀರೆಂದರೆ ಊರ ಕೆರೆ, ಹೊಲದ ಬಾವಿ, ಮತ್ತೆ ಅತ್ತ ಹರಿಯುವ ಮಲಪ್ರಭೆ. ಬೇಸಗೆ ಬಂತೆಂದರೆ ಅವುಗಳ ದರ್ಶನವೂ ದುರ್ಲಭ. ಆದರೂ ಕಡಲು ನಮಗೆ ತೀರ ಪರಕೀಯವೆಂದು ಹೇಳಲಾಗದು. ನಮ್ಮೂರಿಗೆ ಸಮೀಪದ ಐಹೊಳೆಯಲ್ಲಿ, ಮೇಗುತಿಯ ಜಿನಾಲಯದ ಗೋಡೆಯ ಮೇಲೆ, ಕ್ರಿ.ಶ. 634ರ ಸುಮಾರಿಗೆ ರವಿಕೀರ್ತಿ ಎಂಬ ಕವಿ ರಚಿಸಿದ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ನೂರಾರು ಹಡಗುಗಳು ಮದ್ದಾನೆಗಳ ಹಿಂಡಿನಂತೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ವರ್ಣನೆ ಅದರಲ್ಲಿ ಬರುತ್ತದೆ. ಎರೆಮಣ್ಣಿನ ನಾಡಿನ ಬಂಡೆಗಲ್ಲಿನಲ್ಲಿ ಸಮುದ್ರದ ಮೊರೆತ! ಅಂದು ದಂಡು ಹೋದ ದಿಕ್ಕಿಗೆ ಇಂದು ನಮ್ಮ ಮಕ್ಕಳು ಪ್ರವಾಸ ಹೋಗುತ್ತಾರೆ. ಡಿಸೆಂಬರ್ ತಿಂಗಳು ಬಂತೆಂದರೆ ಸಾಕು, ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆಗಳ ಶಾಲೆ ಕಾಲೇಜುಗಳಿಂದ ಬಸ್ಸುಗಳು ಗೋಕರ್ಣದ ಕಡೆಗೆ, ಮುರ್ಡೇಶ್ವರದ ಕಡೆಗೆ ಹೊರಡುತ್ತವೆ. ಆ ಬಸ್ಸುಗಳಲ್ಲಿ ಕುಳಿತ ಮಕ್ಕಳಲ್ಲಿ ಬಹುಪಾಲು ಜನ ಕಡಲನ್ನು ಮೊದಲ ಬಾರಿಗೆ ಕಾಣುವವರು. ಅವರನ್ನು ಕರೆದೊಯ್ಯುವ ಶಿಕ್ಷಕರೂ ಅನೇಕ ವೇಳೆ ಅಂಥವರೇ. ನಾನೂ ಅಂಥವನೇ ಆಗಿದ್ದೆ. ಆದ್ದರಿಂದಲೇ ಈ ಮಾತು.

1994ರ ಡಿಸೆಂಬರಿನಲ್ಲಿ ನಾನು ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದಾಗ ನಲವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿದ್ದೆ. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯನ್ನು ಮುಟ್ಟುವಷ್ಟರಲ್ಲಿ ನಮ್ಮ ಹುಡುಗರು ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಕರದಂಟುಗಳ ಗಂಟನ್ನು ಅರ್ಧ ಖಾಲಿ ಮಾಡಿದ್ದರು. ಮಧ್ಯಾಹ್ನ ದೇವರ ದರ್ಶನವಾಯಿತು. ಇಳಿಹೊತ್ತಿಗೆ ಕಡಲತೀರಕ್ಕೆ ಬಂದೆವು. ಅಂದು ಸಮುದ್ರ ಶಾಂತವಾಗಿತ್ತು. ದಡದ ನೀರು ಮೊಣಕಾಲುದ್ದಕ್ಕಿಂತ ಹೆಚ್ಚಿರಲಿಲ್ಲ. ಮುಂದಕ್ಕೆ ಹೋಗಬೇಡಿರೆಂದು ಹತ್ತು ಸಲ ಕೂಗಿ ಹೇಳಿದ ನಾನು, ಆಳವಿಲ್ಲದ ನೀರಿನಲ್ಲಿ ಅಪಾಯವೇನಿದ್ದೀತು ಎಂಬ ಭರವಸೆಯಿಂದ ಮರಳಿನ ಮೇಲೆ ಕುಳಿತು ಸೂರ್ಯಾಸ್ತದ ವರ್ಣನೆಗಳನ್ನು ಮನಸ್ಸಿನಲ್ಲಿಯೇ ಮೆಲುಕು ಹಾಕುತ್ತಿದ್ದೆ.

ಆಗ ಒಬ್ಬ ಹುಡುಗ ಚೀರಿದ. ಹುನಗುಂದದ ಹತ್ತಿರದ ಹಳ್ಳಿಯೊಂದರಿಂದ ಬಂದವನು ಅವನು, ಕುರಿ ಕಾಯುವ ಮನೆತನದವನು, ಗಟ್ಟಿ ಆಳು. ದಿನವೂ ಬೆಳಗಿನ ಜಾವ ಎದ್ದು ರಸ್ತೆಯ ಗುಂಟ ನಾಲ್ಕೈದು ಮೈಲಿ ಓಡುತ್ತಿದ್ದ. ಬರಲಿದ್ದ ಸೈನ್ಯದ ಭರತಿಗೆ ಅವನು ನಡೆಸಿದ್ದ ಸಿದ್ಧತೆ ಅದು. ಅಂಥವನು ನೀರಿನಲ್ಲಿ ಕುಸಿದು ಕುಳಿತು, "ಸರ್, ಏನೋ ಚುಚ್ಚಿತ್ರೀ! ಕಾಲು ಬೆಂಕಿ ಹತ್ತಿದಂಗ ಸುಡಾಕ್ಹತ್ತೈತ್ರೀ!" ಎಂದು ಅಳತೊಡಗಿದ. ನಾಲ್ವರು ಗೆಳೆಯರು ಅವನನ್ನು ಎತ್ತಿಕೊಂಡು ಬಂದರು. ಹರಡಿನ ಪಕ್ಕದಲ್ಲಿ ಒಂದು ಸೀಳುಗಾಯ, ರಕ್ತ ಸುರಿಯುತ್ತಿತ್ತು, ಸುತ್ತಲ ಚರ್ಮ ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ನಾನು ಏನು ಮಾಡಿದೆನೆಂಬುದನ್ನು ಇಂದಿಗೂ ನಾಚಿಕೆಯಿಂದಲೇ ಹೇಳಬೇಕು. ಕಡಲ ಹಾವು ಕಚ್ಚಿತೆಂದು ಭ್ರಮಿಸಿ, ನನ್ನ ಹೆಗಲ ಮೇಲಿನ ಟವೆಲನ್ನು ಹರಿದು ಅವನ ಮೀನಖಂಡದ ಮೇಲೆ ಬಿಗಿಯಾಗಿ ಕಟ್ಟಿದೆ. ಗಾಯವನ್ನು ಬ್ಲೇಡಿನಿಂದ ಸ್ವಲ್ಪ ಕೊಯ್ದು ರಕ್ತ ಹರಿಯಗೊಡಬೇಕೆಂದು ಒಬ್ಬರು ಹೇಳಿದರು. ಸುಣ್ಣ ಹಚ್ಚಬೇಕೆಂದು ಇನ್ನೊಬ್ಬರು, ಬರ್ಫ ಇಡಬೇಕೆಂದು ಮತ್ತೊಬ್ಬರು. ನಾನು ಒಬ್ಬ ಹುಡುಗನನ್ನು ಬರ್ಫ ತರಲು ಓಡಿಸಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಮೀನಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದ ವಯಸ್ಸಾದ ತಾಯಿಯೊಬ್ಬಳು ಗುಂಪನ್ನು ಸರಿಸಿ ಬಂದು ಗಾಯವನ್ನು ನೋಡಿದಳು. ನೋಡಿದವಳು, "ಮಾಸ್ತರ್ರೇ, ಮೊದ್ಲು ಆ ಕಟ್ಟು ಬಿಚ್ಚಿ. ಇದು ಹಾವಲ್ಲ, ತೊರಕೆ. ಬಿಸಿನೀರು ಬೇಕು, ತಣ್ಣೀರಲ್ಲ" ಎಂದಳು. ಎದುರಿನ ಚಹದಂಗಡಿಯಿಂದ ಒಂದು ಬಕೆಟ್ ಬಿಸಿನೀರು ತರಿಸಿ, ತನ್ನ ಕೈಯನ್ನು ಅದ್ದಿ ನೋಡಿ, ತಣ್ಣೀರು ಬೆರಸಿ, ಮತ್ತೆ ನೋಡಿ, ಆಮೇಲೆ ಹುಡುಗನ ಪಾದವನ್ನು ಅದರಲ್ಲಿ ಇಳಿಸಿದಳು. ಸ್ವಲ್ಪ ಹೊತ್ತಿನಲ್ಲಿ ಹುಡುಗನ ನರಳಾಟ ತಗ್ಗಿತು. ಅರ್ಧ ಗಂಟೆಯಲ್ಲಿ ಅವನು ಕಣ್ಣೊರೆಸಿಕೊಂಡು ಗೆಳೆಯರೊಡನೆ ಮಾತನಾಡತೊಡಗಿದ. ಎಂ.ಎ. ಪದವೀಧರನಾದ ನಾನು ಆ ತಾಯಿಯ ಎದುರು ಕೈಮುಗಿದು ನಿಂತಿದ್ದೆ. ಅವಳು ಬುಟ್ಟಿಯನ್ನೆತ್ತಿಕೊಂಡು, "ನಾಳೆ ದವಾಖಾನೆಗೆ ತೋರ್ಸಿ" ಎಂದು ಹೇಳಿ ಹೊರಟುಹೋದಳು.

ಆ ಕೊನೆಯ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ. ಮೊದಲು ಈ ತೊರಕೆ ಎಂಬ ಪ್ರಾಣಿಯ ಪರಿಚಯವಾಗಲಿ.

ತೊರಕೆ ಶಾರ್ಕಿನ ಬಂಧು. ಇವೆರಡರಲ್ಲಿಯೂ ನಿಜವಾದ ಎಲುಬು ಇಲ್ಲ. ಮೈಯ ಚೌಕಟ್ಟೆಲ್ಲ ಮೃದ್ವಸ್ಥಿಯದು. ನಮ್ಮ ಕಡೆಯ ದೊಡ್ಡ ರೊಟ್ಟಿಯೊಂದಕ್ಕೆ ಉದ್ದನೆಯ ಬಾಲ ಹಚ್ಚಿದರೆ ಹೇಗೋ ಹಾಗಿದೆ ಅದರ ಆಕಾರ. ಕಣ್ಣುಗಳು ಮೇಲ್ಭಾಗದಲ್ಲಿ, ಬಾಯಿ ಹೊಟ್ಟೆಯ ಭಾಗದಲ್ಲಿ. ಏಡಿ, ಸೀಗಡಿ, ಚಿಪ್ಪಿನ ಜೀವಿಗಳನ್ನು ತಿಂದು ಬದುಕುವ ಈ ಮೀನು ಆಳವಿಲ್ಲದ ನೀರಿನ ತಳದಲ್ಲಿ, ಮೈಮೇಲೆ ತೆಳ್ಳಗೆ ಮರಳನ್ನು ಹೊದ್ದುಕೊಂಡು ಮಲಗಿರುತ್ತದೆ. ಕಣ್ಣು ಮತ್ತು ಕಣ್ಣಿನ ಹಿಂದಿನ ಉಸಿರುರಂಧ್ರಗಳಷ್ಟೇ ಹೊರಗೆ ಕಾಣುವವು. ನದಿ ಸಮುದ್ರವನ್ನು ಸೇರುವ ಅಳಿವೆಗಳಲ್ಲಿಯೂ ಅದು ಇರುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ತೊರಕೆ ಎಂದು ಹೆಸರು; ಮರಾಠಿಯವರು ಪಾಕಟ ಎನ್ನುತ್ತಾರೆ.

ಬಾಲದ ಮೇಲ್ಭಾಗದಲ್ಲಿ ಒಂದು, ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು, ಮುಳ್ಳುಗಳಿರುತ್ತವೆ. ಮುಳ್ಳಿನ ಎರಡು ಅಂಚುಗಳಲ್ಲಿಯೂ ಗರಗಸದಂಥ ಹಲ್ಲುಗಳು. ಅವುಗಳ ತುದಿ ಹಿಂದಕ್ಕೆ ಬಾಗಿರುವುದರಿಂದ, ಒಳಹೊಕ್ಕ ಮುಳ್ಳು ಸುಲಭವಾಗಿ ಹೊರಬರುವುದಿಲ್ಲ. ಬಂದರೂ ಮಾಂಸವನ್ನು ಸೀಳಿಕೊಂಡೇ ಬರುತ್ತದೆ. ಮುಳ್ಳಿನ ಕೆಳಬದಿಯಲ್ಲಿ ಎರಡು ಸಣ್ಣ ಕಾಲುವೆಗಳಿದ್ದು, ವಿಷವನ್ನು ಸ್ರವಿಸುವ ಅಂಗಾಂಶ ಅಲ್ಲಿದೆ. ಇಡೀ ಮುಳ್ಳಿನ ಮೇಲೆ ತೆಳುವಾದ ಚರ್ಮದ ಒರೆ. ಮುಳ್ಳು ಚುಚ್ಚಿದಾಗ ಈ ಒರೆ ಹರಿದು ವಿಷ ಗಾಯದೊಳಗೆ ಇಳಿಯುತ್ತದೆ. ಒರೆಯ ಚೂರುಗಳೂ, ಒಮ್ಮೊಮ್ಮೆ ಮುಳ್ಳಿನ ತುಂಡೇ ಒಳಗೆ ಉಳಿಯುತ್ತವೆ. ಹೀಗೆ ತೊರಕೆಯ ಗಾಯವೆಂದರೆ ಒಂದರಲ್ಲಿ ಮೂರು: ಚೂರಿಯ ಇರಿತ, ವಿಷದ ಉರಿ, ಕಸದಿಂದಾಗುವ ಕೀವು. ಇವು ಮೂರಕ್ಕೂ ಬೇರೆ ಬೇರೆ ಉಪಚಾರ ಬೇಕೆಂಬುದನ್ನು ನಾನು ತಡವಾಗಿ ಕಲಿತೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ತೊರಕೆ ಮನುಷ್ಯನನ್ನು ಬೆನ್ನಟ್ಟಿ ಬರುವ ಪ್ರಾಣಿಯಲ್ಲ. ಮೇಲಿನಿಂದ ಪಾದ ಬಿದ್ದು ಮೈ ಒತ್ತಿದಾಗ ಅದು ಬಾಲವನ್ನು ಚಾಟಿಯಂತೆ ಮೇಲಕ್ಕೆ ಬೀಸುತ್ತದೆ. ಮುಳ್ಳು ಕಾಲಿಗೆ ನಾಟುತ್ತದೆ. ತನ್ನ ಮನೆಯ ಅಂಗಳದಲ್ಲಿ ಮಲಗಿದ್ದವನನ್ನು ನಾವು ತುಳಿದು, ಅವನು ಒದ್ದನೆಂದು ದೂರುವುದು ನ್ಯಾಯವಲ್ಲ. 2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯದ ವನ್ಯಜೀವಿಪ್ರೇಮಿ ಸ್ಟೀವ್ ಇರ್ವಿನ್ ತೊರಕೆಯ ಮುಳ್ಳು ಎದೆಗೆ ನಾಟಿ ತೀರಿಕೊಂಡಾಗ ಲೋಕವೆಲ್ಲ ಬೆಚ್ಚಿತು. ಆದರೆ ಅಂಥ ಸಾವು ಅತಿ ವಿರಳ. ಗಾಯಗಳಲ್ಲಿ ಹೆಚ್ಚಿನವು ಪಾದಕ್ಕೆ, ಹರಡಿಗೆ, ಮೀನು ಹಿಡಿಯುವವರಾದರೆ ಕೈಗೆ ಆಗುವಂಥವು. ಅವುಗಳ ನೋವು ಘೋರ, ಪ್ರಾಣಭಯ ಕಡಿಮೆ.

ವಿರಳವಾದರೂ ಇದು ದೂರದೇಶದ ಮಾತಷ್ಟೇ ಅಲ್ಲ. 2013ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಗಿರಗಾಂವ ಚೌಪಾಟಿಯಲ್ಲಿ ಗಣೇಶನನ್ನು ಬೀಳ್ಕೊಡಲು ನೀರಿಗಿಳಿದ ಹತ್ತಾರು ಜನ ಭಕ್ತರ ಕಾಲಿಗೆ ಈ ಪಾಕಟದ ಮುಳ್ಳು ನಾಟಿ, ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿಯ ನಗರಪಾಲಿಕೆ ಹಬ್ಬಕ್ಕೆ ಮುಂಚೆ ಎಚ್ಚರಿಕೆ ಹೊರಡಿಸಿದ್ದುಂಟು. ಬರಿಗಾಲು, ಜನಜಂಗುಳಿ, ಆಳವಿಲ್ಲದ ಕೆಸರುನೀರು: ಇವು ಮೂರೂ ಕೂಡಿದರೆ ಅನಾಹುತಕ್ಕೆ ಬೇರೆ ಮುಹೂರ್ತ ಬೇಕಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಮುಳ್ಳು ಕಾವ್ಯಲೋಕದಲ್ಲಿಯೂ ಎದುರಾದುದು ಒಂದು ಸೋಜಿಗ. ಗ್ರೀಕರ ಮಹಾವೀರ ಒಡಿಸ್ಯೂಸನಿಗೆ ಮರಣ ಸಮುದ್ರದಿಂದ ಬರುವುದೆಂಬ ಭವಿಷ್ಯವಾಣಿಯಿತ್ತು. ಹೋಮರನ ಬಳಿಕ ಬೆಳೆದ ಕಥೆಯ ಪ್ರಕಾರ, ಅವನನ್ನು ಗುರುತಿಸದ ಅವನ ಮಗ ಟೆಲಿಗೊನಸ್ ಈಟಿಯಿಂದ ಇರಿದು ಕೊಂದ. ಆ ಈಟಿಯ ಮೊನೆಯಾಗಿದ್ದುದು ತೊರಕೆಯ ಮುಳ್ಳು. ಈ ಕಥೆಯನ್ನು ಓದಿದಾಗ ಯಾವ ಕನ್ನಡಿಗನಿಗೆ ತಾನೆ ಬಭ್ರುವಾಹನನ ನೆನಪಾಗದು? ಲಕ್ಷ್ಮೀಶನ ಜೈಮಿನಿ ಭಾರತವನ್ನು ಪಾಠ ಹೇಳುತ್ತಿದ್ದಾಗ ನಾನು ಎರಡು ಕಥೆಗಳನ್ನೂ ಜೊತೆಗಿಟ್ಟು ತೋರಿಸುತ್ತಿದ್ದೆ. ನಮ್ಮ ಕಥೆಯಲ್ಲಿ ಅರ್ಜುನನನ್ನು ಬದುಕಿಸಲು ನಾಗಲೋಕದಿಂದ ಸಂಜೀವಕ ಮಣಿ ಬರುತ್ತದೆ. ಒಡಿಸ್ಯೂಸನಿಗೆ ಅಂಥ ಭಾಗ್ಯವಿರಲಿಲ್ಲ. ನನ್ನ ವಿದ್ಯಾರ್ಥಿಗೆ ಚಹದಂಗಡಿಯ ಬಿಸಿನೀರಿತ್ತು.

ಕಥೆಯನ್ನು ಬಿಟ್ಟು ಚರಿತ್ರೆಗೆ ಬಂದರೆ, 1608ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಎಂಬ ಆಂಗ್ಲ ಸಾಹಸಿ ಕತ್ತಿಯಿಂದ ಮೀನು ಚುಚ್ಚುತ್ತಿರುವಾಗ ತೊರಕೆಯ ಮುಳ್ಳು ಅವನ ತೋಳಿಗೆ ನಾಟಿತು. ತೋಳು, ಹೆಗಲು ಎಲ್ಲ ಬಾತುಕೊಂಡು, ಇವನು ಉಳಿಯನೆಂದು ಬಗೆದ ಸಂಗಡಿಗರು ಅವನ ಗೋರಿಯನ್ನೇ ತೋಡಿದರಂತೆ. ಜೊತೆಗಿದ್ದ ವೈದ್ಯ ವಾಲ್ಟರ್ ರಸೆಲ್ ಎಣ್ಣೆಯ ಉಪಚಾರ ಮಾಡಿದ. ಸಂಜೆಯ ಹೊತ್ತಿಗೆ ಸ್ಮಿತ್ ಚೇತರಿಸಿಕೊಂಡು, ತನ್ನನ್ನು ಇರಿದ ಮೀನನ್ನೇ ಊಟಕ್ಕೆ ಬಡಿಸಿಕೊಂಡ! ವರ್ಜೀನಿಯದ ಆ ತಾಣಕ್ಕೆ ಇಂದಿಗೂ ಆ ಮೀನಿನದೇ ಹೆಸರು. ಸುಮಾರು ಮುನ್ನೂರೈವತ್ತು ವರ್ಷಗಳ ಬಳಿಕ, 1950ರ ದಶಕದಲ್ಲಿ, ಅದೇ ದೇಶದಲ್ಲಿ ಇನ್ನೊಬ್ಬ ರಸೆಲ್, ಡಾ. ಫಿಂಡ್ಲೆ ರಸೆಲ್, ತೊರಕೆಯ ವಿಷವನ್ನು ಪ್ರಯೋಗಶಾಲೆಯಲ್ಲಿ ಅಭ್ಯಸಿಸಿದರು. ಆ ವಿಷದ ಮುಖ್ಯಾಂಶ ಪ್ರೋಟೀನು. ಶಾಖ ತಗುಲಿದರೆ ಅದರ ಶಕ್ತಿ ಕುಂದುತ್ತದೆ. ಮೀನು ಮಾರುವ ಆ ತಾಯಿಗೆ ತಲೆಮಾರುಗಳಿಂದ ಬಂದಿದ್ದ ತಿಳಿವಳಿಕೆ ಇದೇ. ಬಿಸಿಯು ನರಗಳಲ್ಲಿ ಹರಿಯುವ ನೋವಿನ ಸಂದೇಶವನ್ನೂ ತಗ್ಗಿಸುತ್ತದೆಯೆಂಬ ಅಭಿಪ್ರಾಯ ಈಚಿನ ವೈದ್ಯರಲ್ಲಿದೆ. ಕಾರಣ ಯಾವುದೇ ಇರಲಿ, ಗುಣ ಮಾತ್ರ ದಿಟ. 2007ರಲ್ಲಿ ಪ್ರಕಟವಾದ, 119 ಗಾಯಾಳುಗಳನ್ನು ಕುರಿತ ಅಧ್ಯಯನವೊಂದರಲ್ಲಿ, ಮೊದಲಿಗೆ ಬಿಸಿನೀರಿನ ಉಪಚಾರ ಪಡೆದವರಲ್ಲಿ ಬಹುಪಾಲು ಜನರಿಗೆ ನೋವಿಗೆಂದು ಬೇರೆ ಔಷಧವೇ ಬೇಕಾಗಲಿಲ್ಲ.

ಹಾಗೆ ನೋಡಿದರೆ ಈ ತಿಳಿವಳಿಕೆ ನನ್ನ ಊರಲ್ಲಿಯೂ ಇತ್ತು. ನಾನೇ ಅದನ್ನು ಮರೆತಿದ್ದೆ. ನಮ್ಮ ಕೆರೆ ಹೊಳೆಗಳಲ್ಲಿ ಚೇಳುಮೀನು ಎಂಬುದೊಂದಿದೆ. ಕಪ್ಪು ಮೈ, ಉದ್ದ ಮೀಸೆ. ಪಕ್ಕದ ರೆಕ್ಕೆಗಳಲ್ಲಿ ವಿಷದ ಮುಳ್ಳು. ನಾನು ಹುಡುಗನಾಗಿದ್ದಾಗ ಮಲಪ್ರಭೆಯ ಮಡುವಿನಲ್ಲಿ ಬರಿಗೈಯಿಂದ ಮೀನು ಹಿಡಿಯಲು ಹೋದ ನನ್ನ ಓರಗೆಯವನೊಬ್ಬನಿಗೆ ಅದು ಚುಚ್ಚಿತ್ತು. ಅಂಬಿಗರ ಅಜ್ಜನೊಬ್ಬ ಅವನ ಕೈಯನ್ನು ಬಿಸಿನೀರಲ್ಲಿ ಇರಿಸಿ ಕೂಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಚೇಳುಮೀನಿನ ವಿಷವೂ ತೊರಕೆಯ ವಿಷದಂತೆ ಬಿಸಿಗೆ ಸೋಲುವಂಥದು. ಹೊಳೆಯ ಅಜ್ಜನಿಗೂ ಕಡಲ ಅಜ್ಜಿಗೂ ಗೊತ್ತಿದ್ದ ಸಂಗತಿ, ಅವೆರಡರ ನಡುವೆ ಪುಸ್ತಕ ಹಿಡಿದು ಕುಳಿತಿದ್ದ ನನಗೆ ಸಮಯಕ್ಕೆ ಹೊಳೆಯಲಿಲ್ಲ.

ಇನ್ನು ಹುಡುಗನ ಮಾತು. ನೋವು ನಿಂತಿತು, ಗಾಯ ಸಣ್ಣದಾಗಿ ಕಂಡಿತು, ಮರುದಿನ ಇಡಗುಂಜಿ, ಮುರ್ಡೇಶ್ವರಗಳ ಕಾರ್ಯಕ್ರಮವಿತ್ತು. ಅರಿಸಿನ ಒತ್ತಿ, ಬಟ್ಟೆ ಕಟ್ಟಿ, ಪ್ರವಾಸವನ್ನು ಮುಂದುವರಿಸಿದೆವು. ಊರಿಗೆ ಬಂದ ಮೇಲೆಯೂ ನಾನು ವಿಚಾರಿಸಲಿಲ್ಲ. ಮೂರು ವಾರಗಳ ಅನಂತರ ಅವನು ತರಗತಿಗೆ ಬರುತ್ತಿಲ್ಲವೆಂದು ತಿಳಿದು ಹಳ್ಳಿಗೆ ಹೋದೆ. ಗಾಯದ ಬಾಯಿ ಮುಚ್ಚಿತ್ತು, ಒಳಗೆ ಕೀವು ತುಂಬಿ ಪಾದ ಕುಂಬಳಕಾಯಿಯಂತೆ ಬಾತಿತ್ತು, ಮೈಯಲ್ಲಿ ಜ್ವರವಿತ್ತು. ಬಾಗಲಕೋಟೆಗೆ ಕರೆದೊಯ್ದೆ. ಎಕ್ಸ್-ರೇಯಲ್ಲಿ ಮುಳ್ಳಿನ ತುಂಡು ಕಂಡಿತು. ಶಸ್ತ್ರಕ್ರಿಯೆ ಮಾಡಿ ಹೊರತೆಗೆದ ಅದನ್ನು ಡಾಕ್ಟರು ನನ್ನ ಅಂಗೈಯಲ್ಲಿಟ್ಟರು. ಉಗುರಿನಷ್ಟು ಉದ್ದದ, ಹಲ್ಲುಹಲ್ಲಾದ ಒಂದು ಚೂರು. ಪಾದ ಪೂರ್ಣ ವಾಸಿಯಾಗಲು ತಿಂಗಳುಗಳು ಹಿಡಿದವು. ಅಷ್ಟರಲ್ಲಿ ಸೈನ್ಯದ ಭರತಿ ಬಂದು ಹೋಗಿತ್ತು. ಅವನ ಓರಗೆಯ ಇಬ್ಬರು ಆಯ್ಕೆಯಾದರು. ಅವನ ತಂದೆ ನನ್ನನ್ನು ಒಂದು ಮಾತೂ ಆಡಲಿಲ್ಲ. "ದೇವರು ಕಾಲ ಉಳಿಸಿದನಲ್ರಿ, ಅಷ್ಟ ಸಾಕು" ಎಂದ. ಆತ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಹುಡುಗ ಮುಂದೆ ಶಿಕ್ಷಕನಾದ. ಈಚೆಗೆ ಒಂದು ದಿನ ಮನೆಗೆ ಬಂದು, ಚಹ ಕುಡಿದು, ಸಂಕೋಚದಿಂದ ಹೀಗೆಂದ: "ಸರ್, ಈ ಸಲ ನಮ್ಮ ಸಾಲಿ ಹುಡುಗ್ರನ್ನ ಮುರ್ಡೇಶ್ವರಕ್ಕ ಕರ್ಕೊಂಡು ಹೊಂಟೇವ್ರಿ. ತೊರಕಿ ಚುಚ್ಚಿದ್ರ ಏನ್ ಮಾಡಬೇಕು ಅಂತ ಒಂದ್ ಹಾಳ್ಯಾಗ ಬರದು ಕೊಡ್ರಿ. ನಿಮಗ ಗೊತ್ತೈತಿ." ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಆ 'ನಿಮಗ ಗೊತ್ತೈತಿ' ಎಂಬುದು ನನಗೆ ನಾಟಿದಷ್ಟು ಆಳಕ್ಕೆ ಅವನ ಕಾಲಿಗೆ ಮುಳ್ಳು ನಾಟಿರಲಾರದು. ನಾನು ತಿಳಿದವರನ್ನು ಕೇಳಿ, ಓದಿ, ಅವನಿಗೆ ಬರೆದುಕೊಟ್ಟುದನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು, ಚುಚ್ಚಿಸಿಕೊಳ್ಳದಿರುವ ಉಪಾಯ. ದಡದ ನೀರಿನಲ್ಲಿ ಕಾಲನ್ನು ಎತ್ತಿ ಎತ್ತಿ ಇಡಬಾರದು; ಓಡಬಾರದು, ಧುಮುಕಬಾರದು. ಪಾದವನ್ನು ಮರಳಿನ ಮೇಲೆ ಸವರುತ್ತ, ಹೊಲದಲ್ಲಿ ಕುಂಟೆ ಎಳೆದಂತೆ ಎಳೆಯುತ್ತ ನಡೆಯಬೇಕು. ಮರಳಿನ ಅಲುಗಾಟ ತಿಳಿದೊಡನೆ ತೊರಕೆ ತಾನಾಗಿಯೇ ಸರಿದುಹೋಗುತ್ತದೆ. ಕತ್ತಲೆಯಲ್ಲಿ ಜೋಳದ ಹೊಲಕ್ಕೆ ಹೋಗುವಾಗ ನಮ್ಮ ರೈತ ಬಡಿಗೆಯನ್ನು ನೆಲಕ್ಕೆ ಕುಟ್ಟುತ್ತ ಹೋಗುವುದಿಲ್ಲವೆ? ಅದೇ ಯುಕ್ತಿ ಇದು. ಕಾಲಿಗೆ ಬೂಟಿದ್ದರೆ ಸಾಕೆಂದು ನಂಬಬಾರದು. ಮುಳ್ಳು ಅದನ್ನೂ ತೂರಬಲ್ಲುದು. ದಡದಲ್ಲಿ ರಂಪಣಿ ಬಲೆ ಎಳೆಯುವುದನ್ನು ಮಕ್ಕಳು ನೋಡಲಿ, ಆದರೆ ದೂರದಿಂದ. ಬಲೆಯಲ್ಲಿ ಬಂದ, ಮರಳಿನ ಮೇಲೆ ಬಿದ್ದ ಮೀನನ್ನು ಮುಟ್ಟಬಾರದು. ಸತ್ತ ತೊರಕೆಯ ಮುಳ್ಳಿನಲ್ಲಿಯೂ ವಿಷ ಉಳಿದಿರುತ್ತದೆ. ಎಲ್ಲಕ್ಕಿಂತ ಮೊದಲು, ಆ ಊರಿನ ಮೀನುಗಾರರನ್ನೂ ದಡ ಕಾಯುವವರನ್ನೂ ವಿಚಾರಿಸದೆ ನೀರಿಗಿಳಿಯಬಾರದು.

ಎರಡನೆಯದು, ಚುಚ್ಚಿದಾಗಿನ ಉಪಚಾರ. ಗಾಯಾಳುವನ್ನು ಕೂಡಲೇ ನೀರಿನಿಂದ ಹೊರಗೆ ತರಬೇಕು. ನೋವಿನಿಂದ ತಲೆ ಸುತ್ತಿ ಮೊಣಕಾಲುದ್ದದ ನೀರಿನಲ್ಲಿಯೂ ಮುಳುಗುವ ಭಯವುಂಟು. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆಯೇ ಇಟ್ಟು ಒತ್ತಿ ಹಿಡಿಯಬೇಕು. ನನ್ನಂತೆ ಮೇಲುಗಡೆ ಬಿಗಿದು ಕಟ್ಟಬಾರದು. ಕೊಯ್ಯಬಾರದು, ಬಾಯಿ ಹಚ್ಚಿ ಹೀರಬಾರದು, ಸುಣ್ಣ, ಅರಿಸಿನ, ಎಣ್ಣೆಗಳನ್ನು ತುಂಬಬಾರದು, ಬರ್ಫ ಇಡಬಾರದು. ಗಾಯವನ್ನು ತೊಳೆದು, ಮೇಲೆಯೇ ಸಡಿಲವಾಗಿ ಕಾಣುವ ಚೂರುಗಳಿದ್ದರೆ ಮೆಲ್ಲಗೆ ತೆಗೆಯಬಹುದು. ಮುಳ್ಳು ಆಳಕ್ಕೆ ಹೊಕ್ಕಿದ್ದರೆ, ವಿಶೇಷವಾಗಿ ಎದೆ, ಹೊಟ್ಟೆ, ಕುತ್ತಿಗೆಗಳಿಗೆ ನಾಟಿದ್ದರೆ, ಅದನ್ನು ಕೀಳಲು ಹೋಗಲೇಬಾರದು. ಅಲುಗಾಡದಂತೆ ಇರಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಉಸಿರಾಟಕ್ಕೆ ತೊಂದರೆಯಾದರೆ, ಪ್ರಜ್ಞೆ ತಪ್ಪಿದರೆ, ರಕ್ತ ನಿಲ್ಲದಿದ್ದರೆ ಬಿಸಿನೀರಿಗಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು.

ಉಳಿದವರಿಗೆ ಬಿಸಿನೀರು. ಎಷ್ಟು ಬಿಸಿ? ಸಹಿಸಲು ಸಾಧ್ಯವಾಗುವಷ್ಟು, ಅಳತೆಯ ಮಾತಿನಲ್ಲಿ ಸುಮಾರು 45 ಡಿಗ್ರಿ ಸೆಲ್ಸಿಯಸ್, ಅದನ್ನು ಮೀರಬಾರದು. ಕುದಿಯುವ ನೀರು ಎಂದಿಗೂ ಸಲ್ಲದು. ಗಾಯಗೊಂಡ ಕಾಲು ಬಿಸಿಯನ್ನು ಸರಿಯಾಗಿ ಅಳೆಯಲಾರದು. ನೋವಿನ ಭರದಲ್ಲಿ ಚರ್ಮ ಬೆಂದರೂ ತಿಳಿಯದು. ಆದ್ದರಿಂದ ಮೊದಲು ಬೇರೊಬ್ಬರು ತಮ್ಮ ಮೊಣಕೈಯನ್ನೋ, ಗಾಯಾಳುವೇ ತನ್ನ ಇನ್ನೊಂದು ಕಾಲನ್ನೋ ಅದ್ದಿ ನೋಡಬೇಕು. ಆ ತಾಯಿ ಎರಡು ಸಲ ಕೈಯದ್ದಿ ನೋಡಿದ್ದು ಇದಕ್ಕಾಗಿಯೇ. ಮೂವತ್ತರಿಂದ ತೊಂಬತ್ತು ನಿಮಿಷ ಕಾಲನ್ನು ಮುಳುಗಿಸಿ ಇಡಬೇಕು. ನೀರು ಆರಿದಂತೆ ಕಾಲನ್ನು ಹೊರತೆಗೆದು, ಬಿಸಿನೀರು ಬೆರಸಿ, ಮತ್ತೆ ಪರೀಕ್ಷಿಸಿ ಇಳಿಸಬೇಕು.

ಮೂರನೆಯದು, ನಾನು ಕಿವಿಗೊಡದ ಆ ಮಾತು: ದವಾಖಾನೆ. ನೋವು ನಿಂತರೆ ವಿಷದ ಕೆಲಸ ಮುಗಿಯಿತೆಂದು ಅರ್ಥವೇ ಹೊರತು ಗಾಯದ ಕೆಲಸ ಮುಗಿಯಿತೆಂದಲ್ಲ. ಒಳಗೆ ಚೂರುಗಳು ಉಳಿದಿವೆಯೆ ಎಂದು ಎಕ್ಸ್-ರೇ ತೆಗೆದು ನೋಡಬೇಕು; ಗಾಯವನ್ನು ಒಳಗಿನವರೆಗೆ ಶುದ್ಧಮಾಡಬೇಕು; ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಬೇಕು; ಜೀವನಿರೋಧಕ ಔಷಧ ಬೇಕೆ ಎಂಬುದನ್ನು ಡಾಕ್ಟರು ನಿರ್ಧರಿಸುತ್ತಾರೆ. ಇಂಥ ಆಳವಾದ ಗಾಯಗಳನ್ನು ಅವರು ಸಾಮಾನ್ಯವಾಗಿ ಕೂಡಲೇ ಹೊಲಿದು ಮುಚ್ಚುವುದಿಲ್ಲ; ಒಳಗಿನ ಕಶ್ಮಲ ಹೊರಹೋಗಲೆಂದು ಬಾಯಿ ತೆರೆದೇ ಬಿಡುತ್ತಾರೆ. ಕಡಲ ನೀರಿನಲ್ಲಿರುವ ಕೆಲವು ರೋಗಾಣುಗಳು ಸಕ್ಕರೆ ರೋಗ ಅಥವಾ ಯಕೃತ್ತಿನ ರೋಗವುಳ್ಳವರಿಗೆ ಬಹಳ ಉಗ್ರವಾಗಬಲ್ಲವು. ಅಂಥವರು ಒಂದು ಗಳಿಗೆಯೂ ತಡಮಾಡಬಾರದು. ಮುಂದಿನ ದಿನಗಳಲ್ಲಿ ಕೆಂಪು ಹರಡಿದರೆ, ಬಾವು ಏರಿದರೆ, ಜ್ವರ ಬಂದರೆ ಮತ್ತೆ ತೋರಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಮಾತು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಬಿಸಿನೀರು ಎಲ್ಲ ವಿಷಕ್ಕೂ ಮದ್ದಲ್ಲ. ಹಾವಿನ ಕಡಿತಕ್ಕೆ ಆಸ್ಪತ್ರೆಯ ಪ್ರತಿವಿಷವೊಂದೇ ದಾರಿ. ಅಲ್ಲಿಯೂ ಬಿಗಿಯುವುದು, ಕೊಯ್ಯುವುದು ತಪ್ಪು. ನಮ್ಮ ಸೀಮೆಯ ಕಲ್ಲುಸಂದಿಗಳ ಕೆಂಪುಚೇಳು ಮಕ್ಕಳ ಹೃದಯಕ್ಕೇ ಅಪಾಯ ತರಬಲ್ಲುದು. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ ಬಾವಸ್ಕರ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧದಿಂದ ಅದರ ಸಾವುಗಳನ್ನು ತಗ್ಗಿಸಬಹುದೆಂದು ತೋರಿಸಿಕೊಟ್ಟರು. ಅದೂ ಆಸ್ಪತ್ರೆಯಲ್ಲಿ, ಸಕಾಲದಲ್ಲಿ ದೊರೆಯಬೇಕಾದ ಚಿಕಿತ್ಸೆ. ಒಂದು ಮುಳ್ಳಿನ ಮದ್ದನ್ನು ಇನ್ನೊಂದಕ್ಕೆ ಹಚ್ಚುವುದು ನಾನು ಗೋಕರ್ಣದಲ್ಲಿ ಮಾಡಿದ ತಪ್ಪನ್ನೇ ತಿರುವಿ ಮಾಡಿದಂತೆ.

ಮತ್ತೊಂದು ಮಾತು. ತೊರಕೆಯ ಭಯದಲ್ಲಿ ಅದಕ್ಕಿಂತ ದೊಡ್ಡ ಭಯವನ್ನು ಮರೆಯಬಾರದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಗಳ ಪಾಲಾದರು. ಅವರೂ ನಮ್ಮ ಮಕ್ಕಳಂತೆಯೇ ಬಯಲುನಾಡಿನಿಂದ ಕಡಲನ್ನು ಕಾಣಲು ಹೋದವರು. ಅಲೆಯ ಸೆಳೆತಕ್ಕೆ ಬಿಸಿನೀರಿನ ಉಪಚಾರವಿಲ್ಲ. ಆದ್ದರಿಂದ ನನ್ನ ಆ ಹಾಳೆಯ ಮೊದಲ ಸಾಲು ತೊರಕೆಯದಲ್ಲ: ದಡ ಕಾಯುವವರಿಲ್ಲದ ಕಡೆ, ಅವರು ಬೇಡವೆಂದ ಕಡೆ, ಮಕ್ಕಳನ್ನು ನೀರಿಗೆ ಇಳಿಸಬೇಡ ಎಂಬುದೇ ಆ ಸಾಲು.

ಹಾಗೆಂದು ಮಕ್ಕಳನ್ನು ಕಡಲಿಗೆ ಕರೆದೊಯ್ಯಲೇಬೇಡಿರೆಂದು ನಾನು ಹೇಳುವವನಲ್ಲ. ಹೆದರಿಸಿ ಮನೆಯಲ್ಲಿ ಕೂಡಿಸುವುದು ವಿದ್ಯೆಯಲ್ಲ. ಎರೆಹೊಲದ ಅಂಚಿನಲ್ಲಿ ಆಕಾಶವನ್ನು ಮಾತ್ರ ನೋಡಿ ಬೆಳೆದ ಮಗು ಅಷ್ಟೊಂದು ನೀರನ್ನು ಮೊದಲ ಸಲ ಕಂಡಾಗ ಅದರ ಮುಖದಲ್ಲಿ ಮೂಡುವ ಬೆರಗನ್ನು ನಾನು ನೋಡಿದ್ದೇನೆ; ಆ ಬೆರಗಿಗೆ ಬೆಲೆ ಕಟ್ಟಲಾಗದು. ಕರೆದೊಯ್ಯುವವನು ಬಲ್ಲವನಾಗಿರಬೇಕು, ಬಲ್ಲವನಲ್ಲದಿದ್ದರೆ ಬಲ್ಲವರನ್ನು ಕೇಳುವವನಾಗಿರಬೇಕು, ಇಷ್ಟೇ ನನ್ನ ಬಿನ್ನಹ.

ಆ ಶಿಕ್ಷಕ ಮುರ್ಡೇಶ್ವರದಿಂದ ಮರಳಿ ಬಂದ ರಾತ್ರಿ ನನಗೆ ಫೋನು ಮಾಡಿದ್ದ. "ಹುಡುಗ್ರೆಲ್ಲ ಸುಖವಾಗಿ ಬಂದಾರ್ರಿ ಸರ್. ಕುಂಟಿ ಹೊಡದಂಗ ಕಾಲ ಎಳಕೊಂಡ ಅಡ್ಡಾಡಿದ್ರು. ನೋಡಿದ ಮಂದಿ ನಕ್ಕರು" ಎಂದ. ನಗಲಿ ಎಂದೆ. ಆ ರಾತ್ರಿ, ಬಹಳ ವರ್ಷಗಳ ಬಳಿಕ, ನನಗೆ ಒಳ್ಳೆಯ ನಿದ್ದೆ ಬಂತು.

(ಆಕಾಶವಾಣಿಯ ಕೃಪೆಯಿಂದ)